ಕೆಫಲೋನಿಯಾದಲ್ಲಿ ರಜೆಯ ದಿನ

ಕಡಲಾಮೆಗಳ ಗೂಡು ಕಾಯುವ ಸ್ವಯಂಸೇವಕರಾಗಿ ಗ್ರೀಸಿನ ಈ ದ್ವೀಪಕ್ಕೆ ಬಂದಿರುವ ನಮಗೆ ವಾರಕ್ಕೊಂದು ರಜೆ. ಉಳಿದ ದಿನಗಳಲ್ಲಿ ಸೂರ್ಯ ಮೂಡುವ ಮೊದಲೇ ಮರಳಿನ ಮೇಲೆ ತಾಯಿ ಆಮೆಯ ಜಾಡು ಹುಡುಕುತ್ತಾ ನಡೆಯುವುದೇ ಕೆಲಸ. ಇಂದು ನಾಲ್ವರು ಸೇರಿ ಫಿಸ್ಕಾರ್ಡೊಗೆ ಹೋಗಿದ್ದೆವು. 1953ರ ಆಗಸ್ಟ್‌ನ ಭೂಕಂಪಕ್ಕೆ ದ್ವೀಪದ ಬಹುತೇಕ ಊರುಗಳು ನೆಲಸಮವಾದರೂ ಇಲ್ಲಿನ ಹಳೆಯ ಮನೆಗಳು ಉಳಿದುಕೊಂಡಿವೆ.

ಆದರೆ ಮನಸ್ಸು ನಿಂತದ್ದು ಮೆಲಿಸ್ಸಾನಿ ಗುಹೆಯಲ್ಲಿ. ಛಾವಣಿ ಕುಸಿದ ಜಾಗದಿಂದ ನಡುಹಗಲಿನ ಬಿಸಿಲು ನೇರವಾಗಿ ಕೊಳಕ್ಕೆ ಇಳಿದಾಗ, ದೋಣಿಯ ಹುಟ್ಟು ಎದ್ದಾಗಲೆಲ್ಲ ಅದರ ಅಂಚಿನಿಂದ ತೊಟ್ಟಿಕ್ಕುವ ಹನಿಗಳೂ ನೀಲಿಯಾಗಿಯೇ ಕಂಡವು. ಅರ್ಗೊಸ್ತೋಲಿಯ ಬಳಿ ಸಮುದ್ರದ ನೀರು ನೆಲದ ಬಿರುಕುಗಳೊಳಗೆ ಇಳಿದು ಮಾಯವಾಗುತ್ತದೆ. 1963ರಲ್ಲಿ ಆಸ್ಟ್ರಿಯಾದ ಭೂವಿಜ್ಞಾನಿಗಳು ಅಲ್ಲಿ ಬಣ್ಣ ಸುರಿದು ನೋಡಿದಾಗ, ಸುಮಾರು ಎರಡು ವಾರಗಳ ನಂತರ ಅದು ದ್ವೀಪದ ಇನ್ನೊಂದು ಬದಿಯ ಈ ಕೊಳದಲ್ಲಿ ಕಾಣಿಸಿಕೊಂಡಿತಂತೆ. ನಾವು ಮಲಗಿ ಏಳುವ ಊರು ಅರ್ಗೊಸ್ತೋಲಿಯೇ. ಇಷ್ಟು ದಿನ ಮರಳನ್ನಷ್ಟೇ ನೋಡುತ್ತಾ ನಡೆದ ನನಗೆ, ಅದೇ ಊರಿನಿಂದ ಬೆಟ್ಟಗಳಡಿಯಲ್ಲಿ ಕತ್ತಲೆಯ ದಾರಿ ಹಿಡಿದು ಬಂದ ನೀರನ್ನು ಕೈಯಲ್ಲಿ ಮುಟ್ಟಿದಾಗ ಮಾತೇ ಹೊರಡಲಿಲ್ಲ. ನೀರು ತುಂಬಾ ತಣ್ಣಗಿತ್ತು.