ಪ್ಲೇಯರ್ ಕೊಳ್ಳುವ ಮುನ್ನ ಮನೆಯ ಡಿಸ್ಕ್‌ಗಳನ್ನು ನೋಡಿ

ಕಡಿಮೆ ಬೆಲೆಗೆ ಒಳ್ಳೆಯ ಬ್ಲೂ-ರೇ (ಡಿವಿಡಿಯ ನಂತರ ಬಂದ, ಇನ್ನೂ ಸ್ಪಷ್ಟ ಚಿತ್ರದ ಡಿಸ್ಕ್) ಪ್ಲೇಯರ್ ಯಾವುದು ಎಂದು ಕೇಳುವವರನ್ನು ನಾನು ಮೊದಲು ಕೇಳುವುದು ಅವರ ಬೀರುವಿನಲ್ಲಿ ಯಾವ ಯಾವ ಡಿಸ್ಕ್‌ಗಳಿವೆ ಎಂಬುದನ್ನು. ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ಬ್ಲೂ-ರೇಗಿಂತ ಮದುವೆ, ಉಪನಯನ, ಗೃಹಪ್ರವೇಶಗಳ ಡಿವಿಡಿಗಳು, ಹಳೆಯ ಕನ್ನಡ ಚಿತ್ರಗಳ ವಿಸಿಡಿಗಳು, ಭಾವಗೀತೆ ಮತ್ತು ದೇವರನಾಮಗಳ ಸಿಡಿಗಳೇ ಹೆಚ್ಚಾಗಿರುತ್ತವೆ. ಇವೆಲ್ಲವನ್ನೂ ಓದಬಲ್ಲ ಸಾಧಾರಣ ಯಂತ್ರವೊಂದು, ಹೊಸ ಡಿಸ್ಕ್‌ಗಳನ್ನಷ್ಟೇ ಚೆನ್ನಾಗಿ ತೋರಿಸುವ ದುಬಾರಿ ಯಂತ್ರಕ್ಕಿಂತ ಮನೆಗೆ ಹೆಚ್ಚು ಉಪಯುಕ್ತ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಡಿಸ್ಕ್ ಏಕೆ ಎನ್ನುವವರಿಗೂ ಉತ್ತರವಿದೆ. ಡಿವಿಡಿಯ ಒಂದು ಪದರದಲ್ಲಿ 4.7 ಜಿಬಿ ಮಾಹಿತಿ ಹಿಡಿದರೆ, ಅಷ್ಟೇ ಅಗಲದ ಬ್ಲೂ-ರೇ ಡಿಸ್ಕಿನ ಒಂದು ಪದರದಲ್ಲಿ 25 ಜಿಬಿ ಹಿಡಿಯುತ್ತದೆ. ಡಿವಿಡಿಯನ್ನು ಓದುವ ಕೆಂಪು ಲೇಸರಿನ ತರಂಗಾಂತರ 650 ನ್ಯಾನೋಮೀಟರ್. ಬ್ಲೂ-ರೇಯ ನೀಲಿ-ನೇರಳೆ ಲೇಸರಿನದು 405. ತರಂಗ ಕಿರಿದಾದಷ್ಟೂ ಗುರುತುಗಳನ್ನು ಒತ್ತೊತ್ತಾಗಿ ಬರೆಯಬಹುದು. ನೆಟ್‌ಫ್ಲಿಕ್ಸ್‌ನಲ್ಲಿ ಪೂರ್ಣ ಎಚ್‌ಡಿ ಚಿತ್ರ ನೋಡಲು ಸೆಕೆಂಡಿಗೆ 5 ಮೆಗಾಬಿಟ್ ವೇಗದ ಇಂಟರ್ನೆಟ್ ಸಾಕೆನ್ನುತ್ತಾರೆ, ಆದರೆ ಬ್ಲೂ-ರೇಯಲ್ಲಿ ಚಿತ್ರಕ್ಕೊಂದಕ್ಕೇ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಅವಕಾಶವಿದೆ. ಕತ್ತಲೆಯ ದೃಶ್ಯಗಳಲ್ಲಿ, ಮಳೆಯಲ್ಲಿ, ಹೊಗೆಯಲ್ಲಿ, ಚಿತ್ರ ಚೌಕ ಚೌಕವಾಗಿ ಒಡೆಯದೆ ನಿಲ್ಲುವುದನ್ನು ನೋಡಿದರೆ ಈ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಕೊಳ್ಳುವವರು ತಪ್ಪದೆ ಗಮನಿಸಬೇಕಾದದ್ದು ರೀಜನ್ ಕೋಡ್, ಅಂದರೆ ಒಂದು ವಲಯದ ಡಿಸ್ಕ್ ಬೇರೆ ವಲಯದ ಪ್ಲೇಯರಿನಲ್ಲಿ ಓಡದಂತೆ ಹಾಕುವ ಬೀಗ. ಬ್ಲೂ-ರೇಗೆ ಜಗತ್ತನ್ನು ಎ, ಬಿ, ಸಿ ಎಂದು ಮೂರು ವಲಯಗಳಾಗಿ ಹಂಚಿದ್ದಾರೆ; ಭಾರತ ಸಿ ವಲಯದಲ್ಲಿದೆ, ಅಮೆರಿಕ ಎ ವಲಯದಲ್ಲಿ, ಯೂರೋಪ್ ಬಿ ವಲಯದಲ್ಲಿ. ಡಿವಿಡಿಯ ವಲಯಗಳು ಬೇರೆಯೇ ಇದ್ದು, ಅಲ್ಲಿ ಭಾರತ 5ನೆಯದು, ಅಮೆರಿಕ 1ನೆಯದು. ಎಷ್ಟೋ ಡಿಸ್ಕ್‌ಗಳಿಗೆ ಈ ಬೀಗ ಹಾಕಿರುವುದಿಲ್ಲ ಎಂಬುದು ನಿಜ. ಹಾಕಿದ್ದರೆ ಮಾತ್ರ ಪರದೆಯ ಮೇಲೆ ಒಂದು ಸೂಚನೆ ಬರುತ್ತದೆಯೇ ಹೊರತು ಚಿತ್ರ ಬರುವುದಿಲ್ಲ. ಅಮೆರಿಕದಲ್ಲಿರುವ ಮಗನೋ ಮಗಳೋ ಊರಿಗೆ ಬರುವಾಗ ಪ್ಲೇಯರ್ ತಂದುಕೊಡುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ನಮ್ಮ ಮದುವೆಯ ಡಿವಿಡಿಗಳು ಸಾಮಾನ್ಯವಾಗಿ ಸೆಕೆಂಡಿಗೆ 25 ಚೌಕಟ್ಟುಗಳ ಪಾಲ್ ಎಂಬ, ನಮ್ಮ ದೇಶದ ಟಿವಿ ಪದ್ಧತಿಯವು. ಅಮೆರಿಕಕ್ಕಾಗಿ ತಯಾರಾದ ಹಲವು ಪ್ಲೇಯರ್‌ಗಳು ಅವನ್ನು ಆಡಿಸುವುದೇ ಇಲ್ಲ. ವಿದ್ಯುತ್ತಿನ ವಿಷಯವೂ ಹಾಗೆಯೇ. ಪ್ಲೇಯರಿನ ಹಿಂಬದಿಯಲ್ಲೋ ಅಡಾಪ್ಟರಿನ ಮೇಲೋ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ಚಿಂತೆಯಿಲ್ಲ, 120 ಎಂದಷ್ಟೇ ಇದ್ದರೆ ನಮ್ಮ ಗೋಡೆಯ ಸಾಕೆಟ್ಟಿಗೆ ಅದನ್ನು ನೇರವಾಗಿ ಚುಚ್ಚಬಾರದು. ಹಣ ಉಳಿಯುತ್ತದೆಂದು ಹೊರದೇಶದಿಂದ ತರಿಸುವುದಕ್ಕಿಂತ ಇಲ್ಲಿಗಾಗಿಯೇ ತಯಾರಾದ ಮಾದರಿಯನ್ನು ಹುಡುಕುವುದು ಮೇಲು.

ಹುಡುಕುವುದು ಎಂದೆ, ಏಕೆಂದರೆ ಆಯ್ಕೆ ಈಗ ಕಿರಿದಾಗಿದೆ. ಓಪ್ಪೋ 2018ರಲ್ಲಿ ಈ ವ್ಯಾಪಾರದಿಂದ ಹಿಂದೆ ಸರಿಯಿತು, ಅಮೆರಿಕದಲ್ಲಿ ಇನ್ನು ಹೊಸ ಮಾದರಿ ತರುವುದಿಲ್ಲವೆಂದು ಸ್ಯಾಮ್‌ಸಂಗ್ 2019ರಲ್ಲಿ ಹೇಳಿತು, ಎಲ್‌ಜಿ ಕೂಡ 2024ರ ಕೊನೆಗೆ ತಯಾರಿಕೆ ನಿಲ್ಲಿಸಿತು. ಉಳಿದವುಗಳಲ್ಲಿ ಸಾಧಾರಣ ಮನೆಗೆ ನಾನು ಸೂಚಿಸುವುದು ಸೋನಿಯ ಬಿಡಿಪಿ-ಎಸ್1500 ಅಥವಾ ಎಸ್3700 ಮಾದರಿಯನ್ನು. ಮೊದಲನೆಯದರಲ್ಲಿ ವೈ-ಫೈ ಇಲ್ಲ, ಎರಡನೆಯದರಲ್ಲಿದೆ. ಡಿಸ್ಕ್ ನೋಡುವುದಷ್ಟೇ ಉದ್ದೇಶವಾದರೆ ವೈ-ಫೈಗೆಂದು ಹೆಚ್ಚು ಹಣ ಕೊಡಬೇಕಾಗಿಲ್ಲ. ಪ್ಲೇಯರಿನೊಳಗಿನ ಆ್ಯಪ್‌ಗಳು ವರ್ಷ ಕಳೆದಂತೆ ಒಂದೊಂದಾಗಿ ಕೆಲಸ ನಿಲ್ಲಿಸುತ್ತವೆ, ಅವು ಹೇಗೂ ಟಿವಿಯಲ್ಲೇ ಇರುತ್ತವೆ. ಸಾಮಾನ್ಯ ಬ್ಲೂ-ರೇಯನ್ನು 4ಕೆಗೆ (ಪೂರ್ಣ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕೆಗಳ ಚಿತ್ರಕ್ಕೆ) ಹಿಗ್ಗಿಸಿ ತೋರಿಸುತ್ತದೆ ಎಂಬ ಮಾತಿಗೂ ಮರುಳಾಗಬೇಡಿ. 4ಕೆ ಟಿವಿ ಆ ಕೆಲಸವನ್ನು ತಾನೇ ಮಾಡುತ್ತದೆ. ನಿಜವಾದ 4ಕೆ ಡಿಸ್ಕ್‌ಗಳನ್ನು ಕೊಳ್ಳುವ ಮನಸ್ಸೂ ದೊಡ್ಡ ಪರದೆಯೂ ಇದ್ದವರು ಮಾತ್ರ ಅವನ್ನು ಓದುವ ಅಲ್ಟ್ರಾ ಎಚ್‌ಡಿ ಪ್ಲೇಯರ್ ನೋಡಲಿ. ಆ ಡಿಸ್ಕ್‌ಗಳಿಗೆ ರೀಜನ್ ಕೋಡಿನ ಕಾಟವಿಲ್ಲ ಎಂಬುದೊಂದು ಸಮಾಧಾನ. ಡಿಸ್ಕ್ ಹಾಕುವ ಪ್ಲೇಸ್ಟೇಷನ್ 5 ಆಟದ ಯಂತ್ರ ಮನೆಯಲ್ಲಿದ್ದರೆ ಅದೇ ಈ ಕೆಲಸವನ್ನು ಮಾಡುತ್ತದೆ, ಆದರೆ ಹಾಡಿನ ಸಿಡಿಗಳನ್ನು ಅದು ಓದುವುದಿಲ್ಲ. ವಿಸಿಡಿಗಳಿರುವವರು ಯಾವ ಮಾದರಿಯನ್ನೇ ಕೊಳ್ಳಲಿ, ಅದು ಓದುವ ಡಿಸ್ಕ್‌ಗಳ ಪಟ್ಟಿಯಲ್ಲಿ ವಿಸಿಡಿಯ ಹೆಸರಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಹಳೆಯ ಟಿವಿ ಇರುವವರಿಗೆ ಒಂದು ಎಚ್ಚರಿಕೆ: ಇತ್ತೀಚಿನ ಪ್ಲೇಯರ್‌ಗಳಲ್ಲಿ ಚಿತ್ರ ಹೊರಬರುವುದು ಎಚ್‌ಡಿಎಂಐ ಕಿಂಡಿಯಿಂದ ಮಾತ್ರ. ಹಳೆಯ ಟಿವಿಗಳಿಗೆ ಚುಚ್ಚುವ ಕೆಂಪು, ಬಿಳಿ, ಹಳದಿ ತಂತಿಗಳಿಗೆ ಅಲ್ಲಿ ಜಾಗವೇ ಇರುವುದಿಲ್ಲ.

ಬಳಸಿದ ಪ್ಲೇಯರ್ ಕೊಳ್ಳಲು ನಾನು ಹಿಂಜರಿಯುವುದಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌.ಪಿ. ರಸ್ತೆಯಲ್ಲಾಗಲಿ, ಪರಿಚಿತರ ಮನೆಯಲ್ಲಾಗಲಿ, ಪರೀಕ್ಷಿಸಿದ ಮೇಲೆಯೇ ಹಣ ಕೊಡಿ. ಜೊತೆಗೆ ಒಂದು ಬ್ಲೂ-ರೇ, ಒಂದು ಡಿವಿಡಿ, ಒಂದು ಸಿಡಿ ಒಯ್ಯಿರಿ. ಇವನ್ನು ಓದುವ ಲೇಸರ್‌ಗಳು ಬೇರೆ ಬೇರೆಯಾದ್ದರಿಂದ ಡಿವಿಡಿ ಓಡಿದ ಮಾತ್ರಕ್ಕೆ ಬ್ಲೂ-ರೇ ಓಡುತ್ತದೆಂದು ಹೇಳಲಾಗದು. ಚಿತ್ರದ ಮೊದಲ ನಿಮಿಷ ನೋಡಿ ತೃಪ್ತರಾಗದೆ ನಡುವಿನ ಮತ್ತು ಕೊನೆಯ ದೃಶ್ಯಗಳಿಗೂ ಹಾರಿಸಿ, ಮಸೂರ ಹೊರ ಅಂಚಿನವರೆಗೆ ಸರಾಗವಾಗಿ ಚಲಿಸುತ್ತದೆಯೇ, ಚಿತ್ರ ಅಲ್ಲಿ ತಡೆಯುತ್ತದೆಯೇ ಎಂದು ಗಮನಿಸಿ. ರಿಮೋಟ್ ಇಲ್ಲದ ಪ್ಲೇಯರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ ಎನ್ನಿ. ಮುಂಭಾಗದಲ್ಲಿ ಸಾಮಾನ್ಯವಾಗಿ ಆನ್ ಮಾಡುವ, ಟ್ರೇ ತೆರೆಯುವ ಗುಂಡಿಗಳಷ್ಟೇ ಇರುತ್ತವೆ. ಭಾಷೆ, ಧ್ವನಿ, ಪರದೆಯ ಅಳತೆ ಎಲ್ಲವನ್ನೂ ಹೊಂದಿಸಬೇಕಾದದ್ದು ರಿಮೋಟಿನಿಂದಲೇ.