ಬೋರ್ಡಿನ ಮೂಲೆಯ ಹೆಸರು

ತಿಪಟೂರಿನಿಂದ ಮದುವೆಗೆ ಬಂದ ಚಿಕ್ಕಮ್ಮ ಎರಡು ದಿನ ನಮ್ಮನೆಯಲ್ಲೇ ಉಳಿದಿದ್ದರು. ಭಾನುವಾರ ಊಟ ಮುಗಿಸಿ ಎಲ್ಲರೂ ಮಲಗಿದ್ದಾಗ ನಾನು ಲ್ಯಾಪ್‌ಟಾಪಿನಲ್ಲಿ ‘ಬಿಗ್ ಐಸ್’ ಹಾಕಿಕೊಂಡು ಕೂತೆ. ಟಿಮ್ ಬರ್ಟನ್ 2014ರಲ್ಲಿ ಮಾಡಿದ ಸಿನಿಮಾ. “ಬಣ್ಣ, ಬ್ರಷ್ ಎಲ್ಲ ಕಾಣ್ತಿದೆ, ಏನೇ ಅದು?” ಅಂತ ಚಿಕ್ಕಮ್ಮನೂ ಪಕ್ಕಕ್ಕೆ ಬಂದರು. ಅವರಿಗೆ ಇಂಗ್ಲಿಷ್ ಬರಲ್ಲ. ನಿಲ್ಲಿಸಿ ನಿಲ್ಲಿಸಿ ಹೇಳುತ್ತಾ ಹೋದೆ.

ಮಾರ್ಗರೆಟ್ ಕೀನ್ ಎಂಬಾಕೆಯ ಕತೆ. 1950ರ ದಶಕದ ಕೊನೆಯ ಸ್ಯಾನ್ ಫ್ರಾನ್ಸಿಸ್ಕೊ. ಅವಳು ಬರೆಯುತ್ತಿದ್ದದ್ದು ಮುಖದ ತುಂಬಾ ಕಣ್ಣೇ ಇರುವ, ಅಳು ನುಂಗಿಕೊಂಡಂಥ ಮಕ್ಕಳನ್ನು. ‘ಹಂಗ್ರಿ ಐ’ ಎಂಬ ಕ್ಲಬ್ಬಿನಲ್ಲಿ ಅವನ್ನು ಮಾರಲು ಕೂತ ಗಂಡ ವಾಲ್ಟರ್, ಚಿತ್ರ ತನ್ನದೇ ಅಂದುಬಿಟ್ಟ. ಮೂಲೆಯಲ್ಲಿದ್ದ ಸಹಿ ಬರೀ ‘ಕೀನ್’. ಹೆಸರು ಇಬ್ಬರದೂ ಒಂದೇ ತಾನೆ! ಪೋಸ್ಟರು, ಪೋಸ್ಟ್‌ಕಾರ್ಡು ಅಂತ ವ್ಯಾಪಾರ ಬೆಳೆಯಿತು. ಅವಳು ಬಾಗಿಲು ಹಾಕಿಕೊಂಡು ಬರೆಯುತ್ತಲೇ ಇದ್ದಳು.

“ಇಷ್ಟು ವರ್ಷ ಯಾಕೆ ಸುಮ್ನಿದ್ಲೋ!” ಅಂದೆ.

“ಯಾಕೆ ಅಂದ್ರೆ? ಮಾರಾಟ ಆಗ್ತಿತ್ತಲ್ಲೇ” ಅಂದರು ಚಿಕ್ಕಮ್ಮ, ಪರದೆಯಿಂದ ಕಣ್ಣು ತೆಗೆಯದೆ.

ಚಿಕ್ಕಪ್ಪ ಬೋರ್ಡ್ ಬರೆಯುತ್ತಿದ್ದವರು. ಕೊಬ್ಬರಿ ಮಂಡಿ, ಟೈಲರ್ ಅಂಗಡಿ, ಲಾರಿಯ ಹಿಂಭಾಗ. ಕೆಳಗೆ ಬಲಮೂಲೆಯಲ್ಲಿ ಪುಟ್ಟದಾಗಿ ಅವರ ಹೆಸರು, ಪಕ್ಕದಲ್ಲಿ ‘ಆರ್ಟ್ಸ್’. ರಜೆಗೆ ಹೋದಾಗ ರಾತ್ರಿ ಟರ್ಪೆಂಟೈನ್ ವಾಸನೆಗೆ ಎಚ್ಚರವಾಗಿ ನೋಡಿದರೆ, ಹಜಾರದಲ್ಲಿ ತಗಡು ಮುಂದಿಟ್ಟುಕೊಂಡು ಕೂತಿರುತ್ತಿದ್ದದ್ದು ಚಿಕ್ಕಮ್ಮ. ಚಿಕ್ಕಪ್ಪ ಗೆರೆ ಹಾಕಿಕೊಟ್ಟು ಮಲಗಿರುತ್ತಿದ್ದರು. ಗಂಡನಿಗೆ ಸಹಾಯ ಮಾಡ್ತಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಸುಳ್ಳೇಕೆ, ಮೊನ್ನೆಮೊನ್ನೆವರೆಗೂ ಹಾಗೇ ಅಂದುಕೊಂಡಿದ್ದೆ.

ಗಂಡನನ್ನು ಬಿಟ್ಟು ಹವಾಯಿ ಸೇರಿದ ಮಾರ್ಗರೆಟ್ 1970ರಲ್ಲಿ ರೇಡಿಯೊದಲ್ಲಿ ನಿಜ ಹೇಳಿದಳು. ಅವಳು ಹೂಡಿದ ಮಾನನಷ್ಟ ಮೊಕದ್ದಮೆಗೆ 1986ರಲ್ಲಿ ಹೊನೊಲುಲು ಕೋರ್ಟಿನಲ್ಲಿ ವಿಚಾರಣೆ. ವಾಲ್ಟರ್ ತನಗೆ ತಾನೇ ವಕೀಲ. ತನ್ನನ್ನೇ ತಾನು ಪ್ರಶ್ನೆ ಕೇಳಿಕೊಳ್ಳುತ್ತಾನೆ. ಅಲ್ಲಿ ವಾಲ್ಟರ್ ಪಾತ್ರ ಮಾಡಿದ ನಟ ಕ್ರಿಸ್ಟೋಫ್ ವಾಲ್ಟ್ಸ್ ನಗಿಸಿ ನಗಿಸಿ ಇಡುತ್ತಾನೆ. ನನಗದು ಹಿಡಿಸಲಿಲ್ಲ. ಅಂಥವನನ್ನು ಕೋಡಂಗಿ ಮಾಡಿದರೆ ಅವನಿಗೇ ಲಾಭ.

ಜಡ್ಜ್ ಇಬ್ಬರಿಗೂ ಇಲ್ಲೇ ಬರೆದು ತೋರಿಸಿ ಅಂದರು. ವಾಲ್ಟರನಿಗೆ ಭುಜ ನೋವು ಬಂತು. ಮಾರ್ಗರೆಟ್ 53 ನಿಮಿಷದಲ್ಲಿ ಮುಗಿಸಿದಳು.

ಗೋಡೆಗೆ ಒರಗಿದ್ದ ಚಿಕ್ಕಮ್ಮ ನೆಟ್ಟಗೆ ಕೂತರು. “ತಡಿ, ಹಿಂದಕ್ಕೆ ಹಾಕು. ಬ್ರಷ್ ಹೆಂಗೆ ಹಿಡ್ಕೊಂಡಿದ್ದಾಳೆ ನೋಡ್ಬೇಕು.” ನಾಲ್ಕು ಸಲ ಹಾಕಿಸಿದರು. ಎಮಿ ಆಡಮ್ಸ್ ನಟಿ, ನಿಜವಾದ ಮಾರ್ಗರೆಟ್ ಇದೇ ಸಿನಿಮಾದಲ್ಲಿ ಪಾರ್ಕಿನ ಬೆಂಚಿನ ಮೇಲೆ ಕೂತ ಅಜ್ಜಿಯಾಗಿ ಬಂದುಹೋಗುತ್ತಾರೆ ಅಂದೆ. ಅದನ್ನೂ ಹುಡುಕಿ ತೋರಿಸಬೇಕಾಯಿತು.

“ದುಡ್ಡು ಬಂತಾ?”

ಜ್ಯೂರಿ 40 ಲಕ್ಷ ಡಾಲರ್ ಕೊಡಿಸಿತ್ತು. 1990ರಲ್ಲಿ ಮೇಲಿನ ಕೋರ್ಟು ಮಾನನಷ್ಟದ ತೀರ್ಪನ್ನು ಉಳಿಸಿ, ದುಡ್ಡನ್ನು ಮಾತ್ರ ತೆಗೆದುಹಾಕಿತು ಅಂದೆ. ಚಿಕ್ಕಮ್ಮ “ಹೂಂ” ಅಂದು ಕಾಫಿಗೆ ಹಾಲಿಡಲು ಎದ್ದರು.

ಹಿಂದೆಯೇ ಹೋಗಿ ಕೇಳಿದೆ: “ನೀವು ಬರೆದಿದ್ದು ಯಾವ್ದಾದ್ರೂ ಉಳಿದಿದ್ಯಾ ಚಿಕ್ಕಮ್ಮ?”

“ಎಲ್ಲಾ ಫ್ಲೆಕ್ಸ್ ಬಂತಲ್ಲ. ಮಂಡಿ ಹತ್ರ ಒಂದಿದೆ, ಮೂಲೆ ತುಕ್ಕು ಹಿಡಿದು ಹೆಸರು ಹೋಗಿದೆ.” ಹಾಲು ಉಕ್ಕಿ ಬಂತು, ಉರಿ ತಗ್ಗಿಸಿದರು. “ಆದ್ರೂ ಗೊತ್ತಾಗುತ್ತೆ. ನಿಮ್ಮ ಚಿಕ್ಕಪ್ಪಂಗೆ ‘ಳ’ ಸುಳಿ ಯಾವತ್ತೂ ಕೂರ್ತಿರ್ಲಿಲ್ಲ.”