ಊದೋದಷ್ಟೇ ತಾನೆ?

"ಸ್ಕಾಟಿಷ್ ಪೈಪ್ ಬ್ಯಾಂಡ್ ಜೊತೆ ಟೂರ್ ಅಂದ್ರೆ ಮಜಾ ಅಲ್ವಾ? ಊರು ನೋಡ್ಕೊಂಡು ಊದೋದಷ್ಟೇ ತಾನೆ?"

ಇದಕ್ಕೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ. ಇದರ ಬೆನ್ನಿಗೇ ಬರುವ ಎರಡನೇ ಪ್ರಶ್ನೆಯನ್ನು ಮೊದಲೇ ಮುಗಿಸಿಬಿಡುತ್ತೇನೆ: ಆ ಕಿಲ್ಟ್ ಅನ್ನುವ ನೆರಿಗೆ ಲಂಗದೊಳಗೆ ಚಡ್ಡಿ ಹಾಕ್ತೀರಾ? ಎಂಟು ಗಜ ಉಣ್ಣೆಬಟ್ಟೆ ಸೊಂಟಕ್ಕೆ ಸುತ್ತಿಕೊಂಡು ಆಗಸ್ಟ್ ತಿಂಗಳಲ್ಲಿ ಬಸ್ಸು ಹತ್ತಿ ಇಳಿಯುವವರಿಗೆ ಬೆವರು ಬರುತ್ತದೆ ಸ್ವಾಮಿ. ಇಷ್ಟು ಸಾಕಲ್ಲ?

ನನಗೆ ಮೈ ಉರಿಯುವುದು ಆ "ಅಷ್ಟೇ ತಾನೆ" ಅನ್ನುವ ಬಾಲಕ್ಕೆ. ನಮ್ಮ ಓಲಗದಲ್ಲಿ ಮೌರಿ ಊದುವವನು ಒಬ್ಬ, ಶ್ರುತಿ ಹಿಡಿಯುವವನು ಇನ್ನೊಬ್ಬ. ನಮ್ಮ ಪೈಪಿನಲ್ಲಿ, ಅಂದರೆ ತಿತ್ತಿಗೆ ಗಾಳಿ ತುಂಬಿ ನುಡಿಸುವ ಬ್ಯಾಗ್‌ಪೈಪಿನಲ್ಲಿ, ಎರಡೂ ಒಬ್ಬನ ಹೆಗಲ ಮೇಲೆ. ಹಾಡುವುದು ಚಾಂಟರ್ ಅನ್ನುವ ತೂತುಗಳ ಕೊಳವೆ, ಅದಕ್ಕೆ ಒಂಬತ್ತೇ ಸ್ವರ. ಶ್ರುತಿ ಹಿಡಿಯುವ ಕೊಳವೆಗಳು, ಅಂದರೆ ಡ್ರೋನ್‌ಗಳು, ಮೂರು. ಎರಡು ಟೆನರ್ ಡ್ರೋನ್ ಚಾಂಟರ್‌ನ ಕೆಳಗಿನ ಎ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗೆ, ಬೇಸ್ ಡ್ರೋನ್ ಇನ್ನೂ ಒಂದು ಸ್ಥಾಯಿ ಕೆಳಗೆ. ಒಂದೊಂದು ಕೊಳವೆಗೂ ಒಂದು ರೀಡ್, ಗಾಳಿಗೆ ಕಂಪಿಸಿ ಸ್ವರ ಹುಟ್ಟಿಸುವ ಪೀಪಿ. ಒಬ್ಬನಿಗೆ ನಾಲ್ಕು ರೀಡ್. ಇಪ್ಪತ್ತು ಜನರ ಸಾಲಿಗೆ 80 ರೀಡ್. ಈ 80 ರೀಡೂ ಒಂದೇ ವಾದ್ಯದಂತೆ ಕೇಳಬೇಕು. ಟೂರ್ ಅನ್ನುವುದು ಆ 80 ರೀಡುಗಳನ್ನು ಊರಿಂದೂರಿಗೆ ಸಾಗಿಸುವ ಕೆಲಸ. ಊದುವುದು ಅದರ ಕೊನೆಯ ಕೆಲವು ನಿಮಿಷ.

ಕೆಲವು ನಿಮಿಷ ಅಂದದ್ದು ಬಾಯಿಮಾತಿಗಲ್ಲ. ಗ್ಲಾಸ್ಗೋ ಗ್ರೀನ್ ಮೈದಾನದಲ್ಲಿ ಪ್ರತಿ ಆಗಸ್ಟ್‌ನಲ್ಲಿ ನಡೆಯುವ ವಿಶ್ವ ಪೈಪ್ ಬ್ಯಾಂಡ್ ಸ್ಪರ್ಧೆಯಲ್ಲಿ ಮೊದಲ ದರ್ಜೆಯವರ ಒಂದು ಮೆಡ್ಲೆ, ಅಂದರೆ ಹಲವು ಧಾಟಿ ಪೋಣಿಸಿದ ಮಾಲೆ, 5ರಿಂದ 7 ನಿಮಿಷ. ಅದಕ್ಕಾಗಿ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಿಂದ ಬ್ಯಾಂಡುಗಳು ಬರುತ್ತವೆ. ಹೆಚ್ಚಿನವರು ಮೇಷ್ಟ್ರು, ಇಂಜಿನಿಯರು, ಬಡಗಿ. ರಜೆ ಹಾಕಿ, ಕೈಯಿಂದ ದುಡ್ಡು ಹಾಕಿ ಬರುವವರು. ಸ್ಕಾಟ್ಲೆಂಡಿನ ಆಚೆಯ ಬ್ಯಾಂಡೊಂದು ಮೊದಲ ಬಾರಿ ಗೆದ್ದದ್ದು 1987ರಲ್ಲಿ, ಕೆನಡಾದ 78ನೇ ಫ್ರೇಸರ್ ಹೈಲ್ಯಾಂಡರ್ಸ್. ಇವರೆಲ್ಲ "ಊರು ನೋಡೋಕೆ" ಬಂದವರಲ್ಲ.

ಈಗ ಸಾಗಾಟ. ಪೈಪ್‌ಗಳು ಕ್ಯಾಬಿನ್ ಬ್ಯಾಗಿನಲ್ಲೇ ಹೋಗಬೇಕು, ಬಿಚ್ಚಿ, ಒಂದೊಂದು ತುಂಡನ್ನೂ ಬಟ್ಟೆಯಲ್ಲಿ ಸುತ್ತಿ. ಚಾಂಟರ್ ರೀಡ್ ಬೇರೆ ಪುಟ್ಟ ಡಬ್ಬಿಗೆ. ಪೈಪ್ ಮಾಡುವ ಮರ ಆಫ್ರಿಕನ್ ಬ್ಲ್ಯಾಕ್‌ವುಡ್, ಡಾಲ್ಬರ್ಜಿಯಾ ಕುಲದ್ದು, ನಮ್ಮ ಬೀಟೆಯ ದಾಯಾದಿ. ಒಣಹವೆಗೆ ಸಿಕ್ಕಿದರೆ ಬಿರುಕು ಬಿಡುತ್ತದೆ. ಈ ಕುಲದ ಮರಗಳೆಲ್ಲ 2017ರಿಂದ ಸೈಟಿಸ್ ಪಟ್ಟಿಯಲ್ಲಿವೆ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ ಅದು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ ಮೇಲೆ ಒಂದು ತಲೆನೋವು ಕಡಿಮೆಯಾಯಿತು. ಆದರೆ ತಾತನ ಕಾಲದ ಪೈಪಿಗೆ ಆನೆದಂತದ ಬಳೆ ಕೂರಿಸಿದ್ದರೆ ಕಾಗದಪತ್ರವಿಲ್ಲದೆ ಗಡಿ ದಾಟಿಸಲು ಹೋಗಲೇಬೇಡಿ, ಕಸ್ಟಮ್ಸ್‌ನವರು ಕಿತ್ತಿಟ್ಟುಕೊಳ್ಳುತ್ತಾರೆ. ಕಾಲುಚೀಲದಲ್ಲಿ ಸಿಕ್ಕಿಸುವ ಸ್ಗಿಯನ್ ಡೂ, ಅದೇ ಆ ಪುಟ್ಟ ಚಾಕು, ಚೆಕ್‌-ಇನ್ ಪೆಟ್ಟಿಗೆಗೆ. ಪ್ರತಿ ಟೂರಿನಲ್ಲೂ ಒಬ್ಬನಾದರೂ ಇದನ್ನು ಮರೆಯುತ್ತಾನೆ. ಕಿಲ್ಟನ್ನು ಮಡಚಬಾರದು. ನೆರಿಗೆ ಒಂದರ ಮೇಲೊಂದು ಕೂರಿಸಿ, ಉದ್ದಕ್ಕೆ ಸುರುಳಿ ಸುತ್ತಿ, ಹೆಂಗಸರ ಹಳೇ ನೈಲಾನ್ ಸ್ಟಾಕಿಂಗ್‌ನ ಕಾಲು ಕತ್ತರಿಸಿ ಅದರೊಳಗೆ ತೂರಿಸಿದರೆ ಇಸ್ತ್ರಿಯೇ ಬೇಡ.

ಇಷ್ಟೆಲ್ಲ ಮಾಡಿ ಇಳಿದ ಮೇಲೆ ಬರುತ್ತದೆ ನೋಡಿ, ಯಾರೂ ಕೇಳದ ಪ್ರಶ್ನೆ: ನಿನ್ನೆ ಸರಿಯಿದ್ದ ಶ್ರುತಿ ಇವತ್ತು ಯಾಕಿಲ್ಲ? ಇದನ್ನು ಕೇಳಿ, ಕಾಫಿ ಕೊಡಿಸಿ ಕೂರಿಸಿಕೊಂಡು ಹೇಳುತ್ತೇನೆ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಏರುತ್ತದೆ, ಜೊತೆಗೆ ಸ್ವರವೂ. ಇಂದಿನ ಬ್ಯಾಂಡುಗಳ ಕೆಳಗಿನ ಎ ಸುಮಾರು 480 ಹರ್ಟ್ಸ್. ಕಾಗದದಲ್ಲಿ ಎ ಅಂತ ಬರೆದಿದ್ದರೂ ಕಿವಿಗೆ ಬೀಳುವುದು ಅದರ ಮುಂದಿನ ಸ್ವರ ಬಿ ಫ್ಲಾಟ್‌ಗಿಂತ ಮೇಲೆ. (ಪಿಯಾನೋದವರು ಜೊತೆಗೂಡಿ ನುಡಿಸೋಣ ಅಂತ ಬಂದಾಗ ಈ ಮಾತು ಹೇಳಿದರೆ ತೆಪ್ಪಗಾಗುತ್ತಾರೆ.) ಬಿಸಿಲು ಬಿದ್ದರೆ ಚಾಂಟರ್ ಸರ್ರನೆ ಏರುತ್ತದೆ, ಡ್ರೋನ್ ಅಷ್ಟು ಬೇಗ ಏರುವುದಿಲ್ಲ. ಎರಡರ ನಡುವೆ ಎರಡು ಹರ್ಟ್ಸ್ ಅಂತರ ಬಂದರೆ ಸೆಕೆಂಡಿಗೆ ಎರಡು ಸಲ "ವ್ವಾ ವ್ವಾ" ಅಂತ ಅಲೆ ಏಳುತ್ತದೆ. ಆ ಅಲೆ ನಿಧಾನವಾಗುತ್ತಾ ಆಗುತ್ತಾ ನಿಂತೇಹೋಗುವವರೆಗೆ ಡ್ರೋನಿನ ಮೇಲಿನ ತುಂಡನ್ನು ಜರುಗಿಸಬೇಕು. ಮೇಲಕ್ಕೆಳೆದರೆ ಕೊಳವೆ ಉದ್ದವಾಗಿ ಶ್ರುತಿ ಇಳಿಯುತ್ತದೆ, ಒತ್ತಿದರೆ ಏರುತ್ತದೆ. ಚಾಂಟರ್‌ನಲ್ಲಿ ಯಾವುದೋ ಒಂದೇ ಸ್ವರ ಮೇಲೆ ನಿಂತಿದ್ದರೆ ಆ ತೂತಿನ ಮೇಲಂಚಿಗೆ ಒಂದು ಎಳೆ ಟೇಪು. ಎಲ್ಲವೂ ಕೆಳಗಿದ್ದರೆ ರೀಡನ್ನು ಗೂಡಿನೊಳಕ್ಕೆ ಕೂದಲೆಳೆಯಷ್ಟು ತಳ್ಳಬೇಕು. ಆಗ ಮೇಲಿನ ಸ್ವರಗಳು ಕೆಳಗಿನವಕ್ಕಿಂತ ಹೆಚ್ಚು ಏರುತ್ತವೆ, ಮತ್ತೆ ಟೇಪು. ಬ್ಯಾಂಡಿನ ಮುಖ್ಯಸ್ಥ ಪೈಪ್ ಮೇಜರ್ ಹೀಗೆ ಸಾಲಿನ ತುದಿಯಿಂದ ತುದಿಗೆ ಹೋಗಿ ಮುಗಿಸುವಷ್ಟರಲ್ಲಿ ಮೋಡ ಬಂದಿರುತ್ತದೆ. ಮೊದಲಿಂದ ಶುರು.

ಮಳೆಗಿಂತ ಹೆಚ್ಚು ಕಾಟ ಉಸಿರಿನ ನೀರಿನದು. ಬಾಯಿಂದ ಹೋಗುವ ಗಾಳಿ ಬೆಚ್ಚಗೆ, ತೇವದಿಂದ ತುಂಬಿರುತ್ತದೆ. ಬ್ಲೋಪೈಪ್ ಅನ್ನುವ ಊದುಗೊಳವೆಯ ತಣ್ಣನೆ ಗೋಡೆಗೆ ತಾಕಿ ಹನಿಯಾಗಿ ತಿತ್ತಿಗೆ ಇಳಿಯುತ್ತದೆ. ಚಾಂಟರ್ ರೀಡಿಗೆ ತಲುಪಿದರೆ ಅದರ ತುಟಿ ನೆನೆದು ಸ್ವರ ಕುಸಿಯುತ್ತದೆ. ಡ್ರೋನ್ ರೀಡಿನ ನಾಲಿಗೆ ಕೆಳಗೆ ಒಂದೇ ಹನಿ ಸೇರಿದರೂ ಡ್ರೋನ್ ಮೂಕ. ಅದಕ್ಕೇ ತಿತ್ತಿಯೊಳಗೆ ನೀರು ಹಿಡಿಯುವ ಬಟ್ಟಲು, ಕೆಲವರಿಗೆ ತೇವ ಹೀರುವ ಹರಳಿನ ಡಬ್ಬಿ. ಒಣ ಊರಿಗೆ ಹೋದರೆ ಕಥೆ ಉಲ್ಟಾ. ಮರ ಕುಗ್ಗಿ, ಕೀಲಿಗೆ ಸುತ್ತಿದ ಮೇಣದ ದಾರ ಸಡಿಲವಾಗಿ, ನಡು ಕಾರ್ಯಕ್ರಮದಲ್ಲಿ ಡ್ರೋನ್ ಕಳಚಿ ಹಿಂದಿನವನ ಕಾಲ ಬಳಿ ಬೀಳುತ್ತದೆ. ನಾಲ್ಕು ಸುತ್ತು ದಾರ ಹೆಚ್ಚಿಗೆ ಸುತ್ತಿದ್ದರೆ ಬೀಳುತ್ತಿರಲಿಲ್ಲ. ಆ ನಾಲ್ಕು ಸುತ್ತನ್ನು ಮುಂದಿನ ಒದ್ದೆ ಊರಲ್ಲಿ ಬಿಚ್ಚಬೇಕು, ಇಲ್ಲದಿದ್ದರೆ ಕೀಲು ಕಚ್ಚಿಕೊಂಡು ಅಲುಗುವುದೇ ಇಲ್ಲ.

ತೊಳೆಯುವುದನ್ನು ಸೋಮಾರಿತನದಿಂದ ಬಿಟ್ಟವರಿಗೆ ಒಂದು ಮಾತು. 2016ರಲ್ಲಿ ಥೊರ್ಯಾಕ್ಸ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 61 ವರ್ಷದ ಪೈಪರ್ ಒಬ್ಬರ ವರದಿ ಬಂತು. ವರ್ಷಗಟ್ಟಲೆ ಕೆಮ್ಮು, ಏದುಸಿರು. ಪೈಪ್ ಮನೆಯಲ್ಲಿ ಬಿಟ್ಟು ಮೂರು ತಿಂಗಳು ಆಸ್ಟ್ರೇಲಿಯಾಕ್ಕೆ ಹೋದಾಗ ಗುಣ ಕಂಡಿತ್ತು. ಅವರು ತೀರಿಕೊಳ್ಳುವ ಮುಂಚೆ ಪೈಪನ್ನು ಪರೀಕ್ಷಿಸಿದರೆ ಒಳಗೆಲ್ಲ ಬೂಸ್ಟು. ಆದ್ದರಿಂದ ಕಾರ್ಯಕ್ರಮ ಮುಗಿದ ರಾತ್ರಿ ಮಿಕ್ಕವರು ಪಬ್ಬಿಗೆ ಹೊರಟರೂ ಮೊದಲು ಬ್ಲೋಪೈಪಿನೊಳಗೆ ಬಟ್ಟೆ ಎಳೆಯಬೇಕು, ಜಿಪ್ ಇರುವ ತಿತ್ತಿಯಾದರೆ ಜಿಪ್ ತೆಗೆದು ಒಣಗಲು ಬಿಡಬೇಕು, ರೀಡ್ ಒರೆಸಿ ಡಬ್ಬಿಗೆ ಹಾಕಬೇಕು.

ಇನ್ನು ಊರು. ನೋಡ್ತೀವಿ, ಅದೆಲ್ಲ ಒಣಗುವ ತನಕ, ಹೋಟೆಲ್ ಕಿಟಕಿಯಿಂದ ಕಾಣುವಷ್ಟು.